ಶೇ 17 ಕಡಿಮೆ ದರದ ಟೆಂಡರ್: ಬಡವರ ಮನೆ ಗಟ್ಟಿಯಾಗಿ ಮುಗಿಯುತ್ತದೆಯೇ?

ಪ್ರಶ್ನೆ: ಮಾನ್ಯರೇ, ನಾನು ಯಾದಗಿರಿ ಜಿಲ್ಲೆಯವನು. ನಮ್ಮ ಊರಿನ ನಗರಸಭೆ ವಸತಿರಹಿತರಿಗಾಗಿ ನೆಲಮಹಡಿಯ ಮೇಲೆ ಮೂರು ಮಹಡಿ ಬರುವಂತೆ 160 ಮನೆಗಳನ್ನು ಕಟ್ಟಿಸಲು ಟೆಂಡರ್ ಕರೆದಿತ್ತು. ಅಂದಾಜು ಮೊತ್ತ 12 ಕೋಟಿ ರೂಪಾಯಿ, ಅವಧಿ 18 ತಿಂಗಳು. ಮೂವರು ಟೆಂಡರ್ ಹಾಕಿದ್ದರು. ನಮ್ಮ ಊರಿನವರೇ ಆದ ಒಬ್ಬ ಗುತ್ತಿಗೆದಾರರನ್ನು ತಾಂತ್ರಿಕ ಹಂತದಲ್ಲೇ ಕೈಬಿಟ್ಟರು. ಅಂದಾಜಿಗಿಂತ ಶೇ 17ರಷ್ಟು ಕಡಿಮೆ ದರ ಹಾಕಿದ ಹೊರಜಿಲ್ಲೆಯವರಿಗೆ ಕೆಲಸ ಸಿಕ್ಕಿದೆ. ಸಾಮಾನ್ಯ ಸಭೆಯಲ್ಲಿ ಕೆಲವು ಸದಸ್ಯರು ಗದ್ದಲ ಎಬ್ಬಿಸಿ, ಸ್ಥಳೀಯರಿಗೇ ಕೊಡಬೇಕು, ಈ ಟೆಂಡರ್ ರದ್ದಾಗಬೇಕು ಎಂದು ಪಟ್ಟು ಹಿಡಿದಿದ್ದಾರೆ. ನನ್ನ ತಾಯಿಯ ಹೆಸರು ಫಲಾನುಭವಿಗಳ ಪಟ್ಟಿಯಲ್ಲಿದೆ. ವಂತಿಗೆಯ ಮೊದಲ ಕಂತು ಕಟ್ಟಿದ್ದೇವೆ. ಇಷ್ಟು ಕಡಿಮೆ ದರಕ್ಕೆ ಗಟ್ಟಿ ಮನೆ ಆಗುತ್ತದೆಯೇ? ಟೆಂಡರ್ ರದ್ದು ಮಾಡುವ ಅಧಿಕಾರ ಸಭೆಗೆ ಇದೆಯೇ? ಕಟ್ಟಿದ ಹಣ ವಾಪಸ್ ಕೇಳುವುದು ಒಳ್ಳೆಯದೇ?

ಉತ್ತರ: ಶೇ 17 ಎಂಬ ಅಂಕಿಯೊಂದನ್ನೇ ಇಟ್ಟುಕೊಂಡು ಮನೆ ಗಟ್ಟಿಯಾಗುತ್ತದೆ ಎಂದೂ ಹೇಳಲು ಬರುವುದಿಲ್ಲ, ಬೀಳುತ್ತದೆ ಎಂದೂ ಹೇಳಲು ಬರುವುದಿಲ್ಲ. ಅದನ್ನು ಹೇಳಬಲ್ಲ ಕಾಗದಗಳು ಬೇರೆ ಇವೆ, ಅವು ನಿಮ್ಮ ನಗರಸಭೆಯ ಕಪಾಟಿನಲ್ಲೇ ಇವೆ. ಊರಿನಲ್ಲಿ ಎಲ್ಲರೂ ಕೆಲಸ ಯಾರಿಗೆ ಸಿಕ್ಕಿತು ಎಂದು ಮಾತನಾಡುತ್ತಿದ್ದಾರೆ. ನಿಮ್ಮ ತಾಯಿಯವರ ಮನೆಯ ಹಣೆಬರಹ ನಿರ್ಧಾರವಾಗುವುದು ಕೆಲಸ ಯಾವ ಷರತ್ತುಗಳ ಮೇಲೆ ಸಿಕ್ಕಿತು ಮತ್ತು ಬಿಲ್ಲಿಗೆ ಹಣ ಎಲ್ಲಿಂದ ಬರುತ್ತದೆ ಎಂಬ ಎರಡು ವಿಷಯಗಳಲ್ಲಿ. ಪೌರಾಡಳಿತದಲ್ಲಿ ಎಂಜಿನಿಯರ್ ಆಗಿ ಬಿಲ್ಲುಗಳಿಗೆ ಸಹಿ ಹಾಕಿದವನಾಗಿ ಈ ಮಾತು ಹೇಳುತ್ತಿದ್ದೇನೆ.

ಮೊದಲು ಸಭೆಯ ಅಧಿಕಾರದ ಪ್ರಶ್ನೆ. ರಾಜ್ಯದಲ್ಲಿ ಸರ್ಕಾರಿ ಮತ್ತು ಪೌರಸಂಸ್ಥೆಗಳ ಟೆಂಡರ್‌ಗಳು ನಡೆಯುವುದು 1999ರ ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮದ ಪ್ರಕಾರ. ಕಚೇರಿಗಳಲ್ಲಿ ಇದನ್ನು ಕೆಟಿಪಿಪಿ ಕಾಯ್ದೆ ಎನ್ನುತ್ತಾರೆ. ಈ ಕಾಯ್ದೆಯಲ್ಲಿ ಟೆಂಡರ್ ಕರೆಯುವ ಪ್ರಾಧಿಕಾರ ಒಂದು, ಅಂಗೀಕರಿಸುವ ಪ್ರಾಧಿಕಾರ ಇನ್ನೊಂದು. ನಡುವೆ ಪರಿಶೀಲನಾ ಸಮಿತಿ ಇರುತ್ತದೆ. ಮೊತ್ತ ಎಷ್ಟು ಎನ್ನುವುದರ ಮೇಲೆ ಅಂಗೀಕಾರದ ಅಧಿಕಾರ ಪೌರಾಯುಕ್ತರಲ್ಲಿದೆಯೋ, ಸಭೆಯಲ್ಲಿದೆಯೋ, ಮೇಲಿನ ಅಧಿಕಾರಿಗಳಲ್ಲಿದೆಯೋ ಎಂದು ನಿಗದಿಯಾಗಿರುತ್ತದೆ. ಯಾರೇ ಅಂಗೀಕರಿಸಲಿ, 13ನೇ ಕಲಮು ಹೇಳುವುದು ಒಂದೇ ಮಾತು: ಟೆಂಡರ್ ದಾಖಲೆಯಲ್ಲಿ ಮೊದಲೇ ಬರೆದಿಟ್ಟ, ಅಳೆಯಲು ಬರುವಂಥ ಮಾನದಂಡಗಳ ಮೇಲೆ ಯಾವುದು ಕನಿಷ್ಠವೋ ಅದನ್ನು ಅಂಗೀಕರಿಸಬೇಕು. ಲಕೋಟೆ ತೆರೆದ ಮೇಲೆ ಹೊಸ ಮಾನದಂಡ ಹುಟ್ಟಿಸುವಂತಿಲ್ಲ. ‘ನಮ್ಮ ಊರಿನವರು’ ಎನ್ನುವುದು ಟೆಂಡರ್ ದಾಖಲೆಯಲ್ಲಿ ಇರಲಿಲ್ಲ ಎಂದಾದರೆ, ಸಭೆಯಲ್ಲಿ ಎಷ್ಟು ಕೈಗಳು ಎದ್ದರೂ ಅದು ಮಾನದಂಡವಾಗುವುದಿಲ್ಲ.

ಎಲ್ಲ ಟೆಂಡರ್‌ಗಳನ್ನೂ ತಿರಸ್ಕರಿಸಲು 14ನೇ ಕಲಮು ಅವಕಾಶ ಕೊಡುತ್ತದೆ. ಆದರೆ ಕಾಮಗಾರಿಯ ಸ್ವರೂಪವೇ ಬದಲಾಯಿತು, ನಿರೀಕ್ಷಿಸಿದ ಹಣ ಬರಲಿಲ್ಲ, ವಿಪತ್ತು ಬಂದಿತು ಎಂಬಂಥ ಕಾರಣ ಬೇಕು. ಅದೂ ಅಂಗೀಕಾರದ ಆದೇಶ ಹೊರಡುವ ಮುಂಚೆ. ಆದೇಶ ಹೊರಟ ಮೇಲೆ ಸಭೆ ರದ್ದತಿಯ ಠರಾವು ಪಾಸು ಮಾಡಿದರೆ ಗುತ್ತಿಗೆದಾರರು ನೆಟ್ಟಗೆ ಕಲಬುರಗಿಯ ಹೈಕೋರ್ಟ್ ಪೀಠಕ್ಕೆ ಹೋಗುತ್ತಾರೆ, ತಡೆಯಾಜ್ಞೆ ತರುತ್ತಾರೆ, ನಿಮ್ಮ ನಿವೇಶನದಲ್ಲಿ ಜಾಲಿ ಬೆಳೆಯುತ್ತದೆ. ಕಾನೂನಿಗೆ ವಿರುದ್ಧವಾದ ಠರಾವನ್ನು ಅಮಾನತಿನಲ್ಲಿಡುವ ಅಧಿಕಾರವೂ 1964ರ ಕರ್ನಾಟಕ ಪೌರಸಭೆಗಳ ಅಧಿನಿಯಮದ ಪ್ರಕಾರ ಜಿಲ್ಲಾಧಿಕಾರಿಗೆ ಇದೆ. ಇಷ್ಟೆಲ್ಲ ಗೊತ್ತಿದ್ದೂ ಗದ್ದಲ ಎಬ್ಬಿಸುವ ಸದಸ್ಯರು ಎಲ್ಲ ಊರುಗಳಲ್ಲೂ ಇರುತ್ತಾರೆ. ಅವರಲ್ಲಿ ಯಾರಿಗಾದರೂ ಕೈಬಿಟ್ಟ ಗುತ್ತಿಗೆದಾರರ ಜೊತೆ ಪಾಲುದಾರಿಕೆ ಇದೆಯೇ ಎಂದು ನೀವು ವಿಚಾರಿಸಿದರೆ ತಪ್ಪಲ್ಲ. ನಗರಸಭೆಯ ಗುತ್ತಿಗೆಯಲ್ಲಿ ನೇರವಾಗಿಯಾಗಲಿ ಪರೋಕ್ಷವಾಗಿಯಾಗಲಿ ಹಿತಾಸಕ್ತಿ ಇರುವವರು ಸದಸ್ಯರಾಗಿ ಮುಂದುವರಿಯಲು ಅದೇ ಅಧಿನಿಯಮ ಬಿಡುವುದಿಲ್ಲ.

ಮೀಸಲಾತಿಯ ಮಾತು ಬಂದಿದ್ದರೆ ಅದನ್ನೂ ಬಗೆಹರಿಸಿಕೊಳ್ಳಿ. ಪರಿಶಿಷ್ಟ ಜಾತಿಯ ಗುತ್ತಿಗೆದಾರರಿಗೆ ಶೇ 17.15, ಪರಿಶಿಷ್ಟ ಪಂಗಡದವರಿಗೆ ಶೇ 6.95 ಕಾಮಗಾರಿಗಳನ್ನು ಮೀಸಲಿಡುವ ವ್ಯವಸ್ಥೆ ಕೆಟಿಪಿಪಿ ಕಾಯ್ದೆಯಲ್ಲಿದೆ. ಅದರ ಮಿತಿ ಮೊದಲು 50 ಲಕ್ಷವಿತ್ತು, 2023ರಲ್ಲಿ ಒಂದು ಕೋಟಿಗೆ ಏರಿತು. 12 ಕೋಟಿಯ ಒಂದೇ ಕಾಮಗಾರಿಗೆ ಆ ಮಿತಿ ತಾಗುವುದಿಲ್ಲ.

ಇನ್ನು, ಊರಿನ ಗುತ್ತಿಗೆದಾರರನ್ನು ತಾಂತ್ರಿಕ ಹಂತದಲ್ಲಿ ಕೈಬಿಟ್ಟದ್ದು ಅನ್ಯಾಯವೇ? ಇರಲಿಕ್ಕಿಲ್ಲ. ಇಂಥ ಕಾಮಗಾರಿಗಳಿಗೆ ಎರಡು ಲಕೋಟೆ ಪದ್ಧತಿ ಇರುತ್ತದೆ. ತಾಂತ್ರಿಕ ಬಿಡ್‌ನಲ್ಲಿ ಪಾಸಾದವರ ಆರ್ಥಿಕ ಬಿಡ್ ಮಾತ್ರ ತೆರೆಯುತ್ತದೆ. ಹೆಚ್ಚು ಮಂದಿ ಬೀಳುವುದು ವಹಿವಾಟಿನ ಷರತ್ತಿನಲ್ಲಿ ಅಲ್ಲ, ಉಳಿದ ಸಾಮರ್ಥ್ಯದ ಲೆಕ್ಕದಲ್ಲಿ. ಲೆಕ್ಕ ಹೀಗೆ: ಕಳೆದ ಐದು ವರ್ಷಗಳಲ್ಲಿ ಯಾವುದಾದರೂ ಒಂದು ವರ್ಷ ಆ ಗುತ್ತಿಗೆದಾರರು ಮಾಡಿದ ಅತಿ ಹೆಚ್ಚಿನ ಕೆಲಸದ ಮೊತ್ತವನ್ನು ಹೊಸ ಕಾಮಗಾರಿಯ ವರ್ಷಗಳಿಂದ ಗುಣಿಸಿ, ಮತ್ತೆ ದಾಖಲೆಯಲ್ಲಿ ಕೊಟ್ಟ ಗುಣಕದಿಂದ ಗುಣಿಸಿ, ಕೈಯಲ್ಲಿರುವ ಬಾಕಿ ಕೆಲಸವನ್ನು ಕಳೆಯಬೇಕು. ಗುಣಕ ಸಾಮಾನ್ಯವಾಗಿ 1.5 ಇರುತ್ತದೆ. ಒಬ್ಬರು ಒಂದು ವರ್ಷದಲ್ಲಿ 8 ಕೋಟಿಯ ಕೆಲಸ ಮಾಡಿದ್ದಾರೆ ಎನ್ನಿ. 18 ತಿಂಗಳೆಂದರೆ ಒಂದೂವರೆ ವರ್ಷ, ಆದ್ದರಿಂದ 8 × 1.5 × 1.5, ಅಂದರೆ 18 ಕೋಟಿ. ಅವರ ಕೈಯಲ್ಲಿ ಈಗಾಗಲೇ 14 ಕೋಟಿಯ ರಸ್ತೆ, ಚರಂಡಿ ಕೆಲಸ ಬಾಕಿ ಇದ್ದರೆ ಉಳಿದ ಸಾಮರ್ಥ್ಯ 4 ಕೋಟಿ. 12 ಕೋಟಿಯ ಕೆಲಸಕ್ಕೆ ಅವರು ಅರ್ಹರಲ್ಲ. ನಮ್ಮ ಭಾಗದಲ್ಲಿ ಕಲ್ಯಾಣ ಕರ್ನಾಟಕ ಪ್ರದೇಶಾಭಿವೃದ್ಧಿ ಮಂಡಳಿಯ ಕಾಮಗಾರಿಗಳನ್ನು ಒಬ್ಬರೇ ಹತ್ತಾರು ಹಿಡಿದುಕೊಂಡು ಕುಳಿತಿರುವುದು ಹೊಸದೇನಲ್ಲ. ಹಾಗೆ ಹಿಡಿದುಕೊಂಡವರಿಗೆ ಇನ್ನೊಂದು ಕೊಡದಿರುವುದು ನಿಮಗೆ ಒಳ್ಳೆಯದೇ. ಕೈಬಿಟ್ಟದ್ದು ತಪ್ಪು ಎಂದು ಆ ಗುತ್ತಿಗೆದಾರರಿಗೆ ಅನ್ನಿಸಿದರೆ 16ನೇ ಕಲಮಿನ ಪ್ರಕಾರ ಆದೇಶ ತಲುಪಿದ 30 ದಿನಗಳೊಳಗೆ ಅವರೇ ಮೇಲ್ಮನವಿ ಸಲ್ಲಿಸಬಹುದು. ಅವರು ಸಲ್ಲಿಸಿಲ್ಲ, ಸಭೆಯಲ್ಲಿ ಅವರ ಪರವಾಗಿ ಬೇರೆಯವರು ಕೂಗುತ್ತಿದ್ದಾರೆ ಎಂದರೆ ಅರ್ಥ ಮಾಡಿಕೊಳ್ಳಿ.

ಈಗ ಶೇ 17ಕ್ಕೆ ಬರೋಣ.

ಅಂದಾಜು ಪಟ್ಟಿಯ ದರಗಳು ಲೋಕೋಪಯೋಗಿ ಇಲಾಖೆಯ ಎಸ್.ಆರ್. (ಇಲಾಖೆಯ ಪ್ರಮಾಣಿತ ದರಪಟ್ಟಿ) ದರಗಳಿಂದ ಬರುತ್ತವೆ. ಆ ದರದೊಳಗೆ ಸಾಮಗ್ರಿ, ಕೂಲಿ, ಯಂತ್ರ, ಗುತ್ತಿಗೆದಾರರ ಲಾಭ, ಮೇಲುಖರ್ಚು ಎಲ್ಲವೂ ಸೇರಿರುತ್ತವೆ. ಅದಕ್ಕಿಂತ ಶೇ 5ರಿಂದ 8ರಷ್ಟು ಕಡಿಮೆ ಹಾಕಿದರೆ ಲಾಭದಲ್ಲಿ ಬಿಟ್ಟುಕೊಟ್ಟರು ಎನ್ನಬಹುದು. 17 ಕಡಿಮೆ ಹಾಕಿದವರು ಲಾಭದ ಆಚೆಗೂ ಕೈ ಚಾಚಿದ್ದಾರೆ. ಅದು ಎಲ್ಲಿಂದ ಬರುತ್ತದೆ ಎನ್ನುವುದೇ ಪ್ರಶ್ನೆ.

ನ್ಯಾಯವಾಗಿ ಬರುವ ದಾರಿಗಳೂ ಇವೆ. ಸ್ವಂತ ಕ್ರಷರ್ ಇರುವವರಿಗೆ ಜೆಲ್ಲಿಯೂ ಎಂ-ಸ್ಯಾಂಡೂ ಅಗ್ಗ. ಹಿಂದಿನ ಯಾವುದೋ ಯೋಜನೆಯಲ್ಲಿ ಅಲ್ಯೂಮಿನಿಯಂ ಸೆಂಟ್ರಿಂಗ್ ಕೊಂಡು ಅದರ ಸಾಲ ತೀರಿಸಿದವರಿಗೆ 160 ಒಂದೇ ಅಳತೆಯ ಮನೆಗಳು ಹಬ್ಬ. ಅಚ್ಚು ಬದಲಾಯಿಸದೆ ಮಹಡಿಯಿಂದ ಮಹಡಿಗೆ ಏರುತ್ತಾ ಹೋಗುತ್ತಾರೆ. ಸಿಮೆಂಟ್ ಕಾರ್ಖಾನೆಗಳು ವಾಡಿ, ಮಳಖೇಡ, ಸೇಡಂಗಳಲ್ಲೇ ಇವೆ, ಯಾದಗಿರಿಗೆ ಸಾಗಣೆ ದೂರವಲ್ಲ. ನೆಲಹಾಸಿಗೆ ಶಹಾಬಾದ್ ಕಲ್ಲು ಎಂದು ಅಂದಾಜಿನಲ್ಲಿದ್ದರೆ ಅದೂ ಮನೆಬಾಗಿಲಲ್ಲೇ ಸಿಗುತ್ತದೆ. ದರಪಟ್ಟಿ ಆದ ಮೇಲೆ ಕಬ್ಬಿಣದ ಪೇಟೆ ದರ ಇಳಿದಿದ್ದರೂ ಗುತ್ತಿಗೆದಾರರಿಗೆ ಅಷ್ಟು ಉಳಿತಾಯ. ಹೀಗಾಗಿ ಕಡಿಮೆ ದರ ಕಂಡ ಕೂಡಲೇ ಕಳ್ಳತನ ಎಂದು ತೀರ್ಪು ಕೊಡಬಾರದು.

ಅನ್ಯಾಯದ ದಾರಿಗಳು ಎಲ್ಲರಿಗೂ ಗೊತ್ತಿರುವಂಥವು: ಕಬ್ಬಿಣ ಕದಿಯುವುದು, ಸಿಮೆಂಟ್ ಕಡಿಮೆ ಹಾಕುವುದು, ಉಪಗುತ್ತಿಗೆಗೆ ಕೊಟ್ಟು ಕೈತೊಳೆದುಕೊಳ್ಳುವುದು. ಇವಕ್ಕೆ ತಪಾಸಣೆ ಇದೆ, ಹೇಳುತ್ತೇನೆ. ಆದರೆ ಅರ್ಧಕ್ಕೆ ನಿಂತ ವಸತಿ ಯೋಜನೆಗಳ ಕಡತ ಬಿಡಿಸಿದರೆ ಇವುಗಳಿಗಿಂತ ಹೆಚ್ಚಾಗಿ ಕಾಣುವುದು ಇನ್ನೊಂದು ಚಾಲಾಕಿ. ಅದರಲ್ಲಿ ಕಾನೂನುಬಾಹಿರ ಎನ್ನುವಂಥದ್ದು ಏನೂ ಇರುವುದಿಲ್ಲ.

ಬಾಬತ್ತುವಾರು (ಕೆಲಸದ ಒಂದೊಂದು ಭಾಗಕ್ಕೂ ಪ್ರತ್ಯೇಕವಾಗಿ) ದರ ಕರೆದ ಟೆಂಡರ್‌ನಲ್ಲಿ ಗುತ್ತಿಗೆದಾರರು ಪ್ರತಿ ಬಾಬತ್ತಿಗೂ ಬೇರೆ ಬೇರೆ ದರ ಹಾಕುತ್ತಾರೆ. ಒಟ್ಟು ಮೊತ್ತ ಮಾತ್ರ ಕನಿಷ್ಠವಾಗಬೇಕು. ಜಾಣರು ಏನು ಮಾಡುತ್ತಾರೆ ಎಂದರೆ, ಮೊದಲು ಬಿಲ್ ಆಗುವ ಬಾಬತ್ತುಗಳಾದ ಭೂಮಿ ಅಗೆತ, ತಳಪಾಯದ ಕಾಂಕ್ರೀಟ್, ಪ್ಲಿಂತ್ (ಮನೆಯ ನೆಲಮಟ್ಟದವರೆಗಿನ ಕಟ್ಟೆ) ಭರ್ತಿಗಳಿಗೆ, ಅಂದಾಜು ನೂರು ಇದ್ದ ಕಡೆ 130, 140 ಹಾಕುತ್ತಾರೆ. ಕೊನೆಗೆ ಬರುವ ಗಿಲಾವು, ಬಾಗಿಲು, ಕಿಟಕಿ, ನಲ್ಲಿ, ವಿದ್ಯುತ್, ಬಣ್ಣ ಇವುಗಳಿಗೆ 50, 55 ಹಾಕುತ್ತಾರೆ. ಒಟ್ಟು ಕೂಡಿದರೆ ಶೇ 17 ಕಡಿಮೆ. ಸಭೆಯಲ್ಲಿ ಎಲ್ಲರೂ ನಗರಸಭೆಗೆ ಎರಡು ಕೋಟಿ ಉಳಿಯಿತು ಎಂದು ಮೇಜು ಕುಟ್ಟುತ್ತಾರೆ. ತಳಪಾಯ ಮತ್ತು ಮೊದಲ ಎರಡು ಛಾವಣಿಗಳ ಬಿಲ್ ಆಗುವ ಹೊತ್ತಿಗೆ ಗುತ್ತಿಗೆದಾರರು ತಮ್ಮ ಲಾಭವನ್ನು ಪೂರ್ತಿ ಎತ್ತಿಕೊಂಡಿರುತ್ತಾರೆ. ಉಳಿದ ಕೆಲಸದಲ್ಲಿ ಪ್ರತಿ ದಿನವೂ ನಷ್ಟವೇ. ಆಮೇಲೆ ಕೂಲಿಯಾಳು ಸಿಗುತ್ತಿಲ್ಲ, ಮಳೆ, ಮರಳಿನ ಅಭಾವ ಎಂಬ ಪತ್ರಗಳು ಶುರುವಾಗುತ್ತವೆ. ಒಂದು ದಿನ ಮಿಕ್ಸರ್ ಯಂತ್ರವೂ ನಿವೇಶನದಿಂದ ಹೋಗುತ್ತದೆ. ನಿಂತ ಕೆಲಸಕ್ಕೆ ಮರು ಟೆಂಡರ್ ಕರೆದರೆ 50 ರೂಪಾಯಿಯ ಗಿಲಾವನ್ನು ಹೊಸಬರು ಯಾರೂ ಮಾಡುವುದಿಲ್ಲ.

ಇದನ್ನು ತಡೆಯುವ ಷರತ್ತು ರಾಜ್ಯದ ಮಾದರಿ ಟೆಂಡರ್ ದಾಖಲೆಯಲ್ಲೇ ಇದೆ. ದರಗಳು ಅಂದಾಜಿಗೆ ಹೋಲಿಸಿದರೆ ತೀರಾ ಅಸಮತೋಲವಾಗಿದ್ದರೆ ನಗರಸಭೆ ಬಾಬತ್ತುವಾರು ದರ ವಿಶ್ಲೇಷಣೆ ಕೇಳಬಹುದು, ಕಾರ್ಯಪಾಲನೆಯ ಭದ್ರತೆಯ (ಕೆಲಸ ಮುಗಿಸುವ ಭರವಸೆಗಾಗಿ ಗುತ್ತಿಗೆದಾರರು ಕೊಡುವ ಠೇವಣಿ ಅಥವಾ ಬ್ಯಾಂಕ್ ಖಾತರಿಯ) ಮೊತ್ತವನ್ನು ಗುತ್ತಿಗೆದಾರರ ಖರ್ಚಿನಲ್ಲೇ ಹೆಚ್ಚಿಸಬಹುದು. ಬ್ಯಾಂಕ್ ಖಾತರಿ ದೊಡ್ಡದಾಗಿದ್ದರೆ ಬಿಟ್ಟು ಓಡುವುದು ದುಬಾರಿಯಾಗುತ್ತದೆ. ಗದ್ದಲ ಎಬ್ಬಿಸಿದ ಸದಸ್ಯರು ನಿಜಕ್ಕೂ ನಿಮ್ಮ ಪರ ಇದ್ದರೆ ಕೇಳಬೇಕಾದದ್ದು ರದ್ದತಿಯನ್ನಲ್ಲ. ಹೆಚ್ಚುವರಿ ಭದ್ರತೆ ಪಡೆದಿದ್ದೀರಾ, ಎಷ್ಟು, ಅದರ ಅವಧಿ ಎಂದು ಮುಗಿಯುತ್ತದೆ ಎಂದು ಕೇಳಬೇಕು. ಬ್ಯಾಂಕ್ ಖಾತರಿಯ ಅವಧಿ ಮೀರಿದ ಮೇಲೆ ಅದು ಬರೀ ಕಾಗದ. 18 ತಿಂಗಳ ಕೆಲಸ 30 ತಿಂಗಳಿಗೆ ಎಳೆಯುತ್ತದೆ, ಖಾತರಿ ಮಾತ್ರ ಮೊದಲ ಅವಧಿಗೇ ನಿಂತಿರುತ್ತದೆ, ನವೀಕರಣಕ್ಕೆ ಪತ್ರ ಬರೆಯಬೇಕಾದ ಗುಮಾಸ್ತರು ವರ್ಗವಾಗಿ ಹೋಗಿರುತ್ತಾರೆ. ನಿಮ್ಮ ಟೆಂಡರ್ ಬಾಬತ್ತುವಾರು ಆಗಿರದೆ ಇಡೀ ಅಂದಾಜಿನ ಮೇಲೆ ಇಷ್ಟು ಶೇಕಡ ಕಡಿಮೆ ಎಂಬ ಪದ್ಧತಿಯದ್ದಾಗಿದ್ದರೆ ಈ ಚಾಲಾಕಿಗೆ ಎಡೆ ಇಲ್ಲ. ಹಾಗಿದ್ದರೆ ಅರ್ಧ ಚಿಂತೆ ಬಿಡಿ.

ಇನ್ನರ್ಧ ಚಿಂತೆ ನೆಲದೊಳಗಿದೆ. ಯಾದಗಿರಿ, ಕಲಬುರಗಿ ಕಡೆಯ ಎರೆ ಮಣ್ಣು ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ತೂರುವಷ್ಟು ಬಿರಿಯುತ್ತದೆ. ತೊಗರಿಗೆ ಒಳ್ಳೆಯದು, ತಳಪಾಯಕ್ಕೆ ಶತ್ರು. ಇಂಥ ನೆಲದಲ್ಲಿ ಎರೆ ಮಣ್ಣನ್ನು ಪೂರ್ತಿ ತೆಗೆದು ಗಟ್ಟಿ ಪದರದವರೆಗೆ ಇಳಿದು ಗರಸು ತುಂಬಿ ದಮ್ಮಸ್ಸು ಮಾಡಬೇಕು, ಇಲ್ಲವೇ ಬುಡದಲ್ಲಿ ಅಗಲವಾಗುವ ಅಂಡರ್ ರೀಮ್ಡ್ ಪೈಲ್ (ನೆಲದಾಳಕ್ಕೆ ಇಳಿಸುವ ಕಾಂಕ್ರೀಟ್ ಕಂಬ) ಹಾಕಬೇಕು. ಅಂದಾಜು ಪಟ್ಟಿ ತಯಾರಿಸುವ ಮುಂಚೆ ನಿಮ್ಮ ನಿವೇಶನದಲ್ಲೇ ಗುಂಡಿ ತೋಡಿ ಮಣ್ಣು ಪರೀಕ್ಷೆ ಮಾಡಿಸಿದ್ದಾರೆಯೇ ಎನ್ನುವುದು ಬಹಳ ಮುಖ್ಯ. ಎಷ್ಟೋ ಕಡೆ ಬೇರೆ ಊರಿನ ನಕ್ಷೆಯನ್ನೇ ತಂದು ಒಂದೂವರೆ ಮೀಟರ್ ಆಳ ಎಂದು ಬರೆದುಬಿಡುತ್ತಾರೆ. ಅಗೆಯಲು ಹೋದಾಗ ಗಟ್ಟಿ ಪದರ ಮೂರು ಮೀಟರ್ ಕೆಳಗೆ ಸಿಗುತ್ತದೆ. ಅಲ್ಲಿಂದ ಹೆಚ್ಚುವರಿ ಬಾಬತ್ತು ಹುಟ್ಟುತ್ತದೆ. ಶೇ 17 ಬಿಟ್ಟುಕೊಟ್ಟಂತೆ ಮಾಡಿದವರು ಆ ಹೆಚ್ಚುವರಿಯಲ್ಲೇ ಅದನ್ನು ವಾಪಸ್ ಗಳಿಸುತ್ತಾರೆ. ಅನುಭವಿ ಗುತ್ತಿಗೆದಾರರು ಟೆಂಡರ್ ಹಾಕುವ ಮುಂಚೆ ನಿವೇಶನಕ್ಕೆ ಬಂದು, ಪಕ್ಕದ ಬಾವಿಯಲ್ಲಿ ಇಣುಕಿ, ಎಷ್ಟು ಆಳದಲ್ಲಿ ಬಂಡೆ ಇದೆ ಎಂದು ನೋಡಿಕೊಂಡು ಹೋಗುತ್ತಾರೆ. ಅಂದಾಜು ಬರೆದವರು ನೋಡಿರುವುದಿಲ್ಲ!

ಇನ್ನು ಹಣ. ವಸತಿ ಸಮುಚ್ಚಯಗಳು ನಿಲ್ಲುವುದಕ್ಕೆ ಗುತ್ತಿಗೆದಾರರ ಕೆಟ್ಟತನ ಎಷ್ಟು ಕಾರಣವೋ, ಬಿಲ್ ಬಾರದಿರುವುದೂ ಅಷ್ಟೇ ಕಾರಣ. ನಿಮ್ಮ ಯೋಜನೆ 2015ರ ಪ್ರಧಾನಮಂತ್ರಿ ಆವಾಸ್ ಯೋಜನೆಯ ಪಾಲುದಾರಿಕೆಯ ಕೈಗೆಟುಕುವ ವಸತಿ ಘಟಕದ್ದಾಗಿದ್ದರೆ ಕೇಂದ್ರದ ಪಾಲು ಮನೆಯೊಂದಕ್ಕೆ ಒಂದೂವರೆ ಲಕ್ಷ. ಅದು ಶೇ 40, 40, 20ರಂತೆ ಮೂರು ಕಂತುಗಳಲ್ಲಿ, ಕೆಲಸದ ಪ್ರಗತಿ ಮತ್ತು ಹಿಂದಿನ ಕಂತಿನ ಬಳಕೆ ಪ್ರಮಾಣಪತ್ರ ನೋಡಿಕೊಂಡು ಬರುತ್ತದೆ. 2024ರ ಸೆಪ್ಟೆಂಬರ್‌ನಿಂದ ಆರಂಭವಾದ ಎರಡನೆಯ ಹಂತದ್ದಾಗಿದ್ದರೆ ಷರತ್ತುಗಳು ಸ್ವಲ್ಪ ಬೇರೆ. ಮಂಜೂರಾತಿ ಆದೇಶದಲ್ಲಿ ಯಾವ ಹಂತ ಎಂದು ಬರೆದಿರುತ್ತದೆ. ರಾಜ್ಯದ ಪಾಲು ಯೋಜನೆ ಮತ್ತು ಫಲಾನುಭವಿಯ ವರ್ಗದ ಮೇಲೆ ಬದಲಾಗುತ್ತದೆ. ಎರಡನ್ನೂ ಕೂಡಿಸಿದರೂ ಮನೆಯ ವೆಚ್ಚದ ಅರ್ಧ ದಾಟುವುದು ಕಷ್ಟ. ಉಳಿದದ್ದು ಫಲಾನುಭವಿಯ ವಂತಿಗೆ.

ನಿಮ್ಮ ಅಂಕಿಗಳನ್ನೇ ಹಿಡಿಯೋಣ. 12 ಕೋಟಿಗೆ 160 ಮನೆ ಎಂದರೆ ಮನೆಯೊಂದಕ್ಕೆ ಏಳೂವರೆ ಲಕ್ಷ. ಶೇ 17 ಕಳೆದರೆ ಒಟ್ಟು 9 ಕೋಟಿ 96 ಲಕ್ಷ, ಮನೆಯೊಂದಕ್ಕೆ ಸುಮಾರು 6 ಲಕ್ಷ 22 ಸಾವಿರ. ಸಹಾಯಧನ ನಿಶ್ಚಿತ ಮೊತ್ತ, ಟೆಂಡರ್ ದರ ಇಳಿದರೆ ಅದು ಇಳಿಯುವುದಿಲ್ಲ. ಹಾಗಾದರೆ ಮನೆಯೊಂದಕ್ಕೆ ಉಳಿದ ಸುಮಾರು 1 ಲಕ್ಷ 27 ಸಾವಿರ ಯಾರದು? ನನ್ನ ಅಭಿಪ್ರಾಯದಲ್ಲಿ ಅದರ ಮೊದಲ ಹಕ್ಕು ವಂತಿಗೆ ಕಟ್ಟುವವರದು. ಜಿಎಸ್‌ಟಿ ಅಂದಾಜಿನೊಳಗೆ ಇದೆಯೋ ಹೊರಗಿದೆಯೋ, ರಸ್ತೆ, ನೀರು, ಒಳಚರಂಡಿಗೆ ಬೇರೆ ಅನುದಾನ ಇದೆಯೋ ಇಲ್ಲವೋ ಎನ್ನುವುದರ ಮೇಲೆ ಈ ಉಳಿತಾಯ ಕರಗಬಹುದು. ಸರ್ಕಾರಿ ಕಾಮಗಾರಿ ಗುತ್ತಿಗೆಗೆ 2022ರ ಜುಲೈಯಿಂದ ಜಿಎಸ್‌ಟಿ ಶೇ 18 ಆಗಿದೆ, ಜೊತೆಗೆ ಕಟ್ಟಡ ಕಾರ್ಮಿಕರ ಕಲ್ಯಾಣದ ಸೆಸ್ ಶೇ 1 ಕಡಿತವಾಗುತ್ತದೆ. ಆದರೂ ವಂತಿಗೆಯನ್ನು ಹಳೆಯ ಅಂದಾಜಿನ ಮೇಲೆ ಲೆಕ್ಕ ಹಾಕಿದ್ದಾರೋ ಅಂಗೀಕೃತ ದರದ ಮೇಲೋ ಎಂದು ಬರವಣಿಗೆಯಲ್ಲಿ ಕೇಳಿ. ಸಭೆಯಲ್ಲಿ ಈ ಪ್ರಶ್ನೆಯನ್ನು ಯಾರೂ ಎತ್ತಿಲ್ಲ ಎಂದು ನಿಮ್ಮ ಪತ್ರದಿಂದ ಅನ್ನಿಸುತ್ತದೆ. 160 ಕುಟುಂಬಗಳಿಗೆ ನೇರವಾಗಿ ತಟ್ಟುವ ಪ್ರಶ್ನೆ ಇದೊಂದೇ.

ವಂತಿಗೆಯ ಕಥೆ ಇಷ್ಟಕ್ಕೇ ಮುಗಿಯುವುದಿಲ್ಲ. ದಿನಗೂಲಿಯವರಿಗೆ, ಬೇಸಿಗೆಯಲ್ಲಿ ಬೆಂಗಳೂರು, ಹೈದರಾಬಾದ್, ಪುಣೆಗೆ ಗುಳೆ ಹೋಗುವವರಿಗೆ ಬ್ಯಾಂಕ್ ಸಾಲ ಸಿಗುವುದಿಲ್ಲ. ವಂತಿಗೆ ಬಾರದೆ ಬಿಲ್ ನಿಲ್ಲುತ್ತದೆ, ಬಿಲ್ ನಿಂತರೆ ಕೆಲಸ ನಿಲ್ಲುತ್ತದೆ. ರಾಜ್ಯದಾದ್ಯಂತ ಇದೇ ಆದದ್ದರಿಂದ 2023ರ ಕೊನೆಗೆ ಸಚಿವ ಸಂಪುಟ ಕೊಳಗೇರಿ ಅಭಿವೃದ್ಧಿ ಮಂಡಳಿ ಕಟ್ಟಿಸುತ್ತಿದ್ದಂಥ ಮನೆಗಳಲ್ಲಿ ಫಲಾನುಭವಿಯ ಪಾಲಿನ ಬಹುಭಾಗವನ್ನು ಸರ್ಕಾರವೇ ಭರಿಸುವ ತೀರ್ಮಾನ ಮಾಡಬೇಕಾಯಿತು. ನಿಮ್ಮ ಯೋಜನೆ ಆ ತೀರ್ಮಾನದ ವ್ಯಾಪ್ತಿಯಲ್ಲಿದೆಯೇ ಎಂದು ಜಿಲ್ಲಾ ನಗರಾಭಿವೃದ್ಧಿ ಕೋಶದಲ್ಲಿ ಕೇಳಿ. ಅಲ್ಲಿ ಯೋಜನಾ ನಿರ್ದೇಶಕರ ಬಳಿ ಎಲ್ಲ ಮಂಜೂರಾತಿ ಪಟ್ಟಿ ಇರುತ್ತದೆ. 160ರಲ್ಲಿ ಎಷ್ಟು ಮಂದಿ ಈವರೆಗೆ ಕಂತು ಕಟ್ಟಿದ್ದಾರೆ ಎಂಬ ಸಂಖ್ಯೆಯನ್ನೂ ಅಲ್ಲೇ ಕೇಳಿ. 40 ಮಂದಿ ಮಾತ್ರ ಕಟ್ಟಿದ್ದರೆ, ಗುತ್ತಿಗೆದಾರರು ಎಷ್ಟೇ ಒಳ್ಳೆಯವರಾದರೂ ಕೆಲಸ ಕುಂಟುತ್ತದೆ.

ಕಾಗದ ಪಡೆಯುವುದು ಹೇಗೆ? ಮಾಹಿತಿ ಹಕ್ಕು ಕಾಯ್ದೆಯ ಅರ್ಜಿ, ಹತ್ತು ರೂಪಾಯಿ ಶುಲ್ಕ, ಬಿಪಿಎಲ್ ಕುಟುಂಬಕ್ಕೆ ಅದೂ ಇಲ್ಲ. ಕರ್ನಾಟಕದ ನಿಯಮದಲ್ಲಿ ಒಂದು ಕೊಕ್ಕೆ ಇದೆ: ಒಂದು ಅರ್ಜಿಯಲ್ಲಿ ಒಂದೇ ವಿಷಯ, 150 ಪದ ಮೀರಬಾರದು. ಕಥೆ ಬರೆದರೆ ಅದನ್ನೇ ನೆಪ ಮಾಡಿ ತಿರಸ್ಕರಿಸುತ್ತಾರೆ. ಆದ್ದರಿಂದ ಮೊದಲ ಅರ್ಜಿಯಲ್ಲಿ ಇಷ್ಟೇ ಬರೆಯಿರಿ: “ಇಂಥ ಟೆಂಡರ್ ಸಂಖ್ಯೆಯ ವಸತಿ ಕಾಮಗಾರಿಗೆ ಸಂಬಂಧಿಸಿದ ತಾಂತ್ರಿಕ ಪರಿಶೀಲನಾ ಸಮಿತಿಯ ನಡಾವಳಿ, ಆರ್ಥಿಕ ಬಿಡ್‌ಗಳ ತುಲನಾತ್ಮಕ ಪಟ್ಟಿ, ಅಂಗೀಕೃತ ಬಾಬತ್ತುವಾರು ದರಪಟ್ಟಿ, ಸಹಿಯಾದ ಕರಾರು ಪತ್ರ, ಭದ್ರತಾ ಠೇವಣಿ ಮತ್ತು ಬ್ಯಾಂಕ್ ಖಾತರಿಯ ಪ್ರತಿ, ಕಾರ್ಯಾದೇಶ ಇವುಗಳ ದೃಢೀಕೃತ ನಕಲು ಕೊಡಿ.” ಮಣ್ಣು ಪರೀಕ್ಷೆಯ ವರದಿ ಮತ್ತು ಅಂದಾಜು ಪಟ್ಟಿಗೆ ಇನ್ನೊಂದು ಅರ್ಜಿ. ವ್ಯಾಪಾರ ರಹಸ್ಯ ಎಂದು ಹೇಳಿ ಗುತ್ತಿಗೆದಾರರ ದರ ಕೊಡದಿರಲು ನೋಡುತ್ತಾರೆ. ಗುತ್ತಿಗೆ ಕೊಟ್ಟು ಮುಗಿದ ಮೇಲೆ, ಸಾರ್ವಜನಿಕ ಹಣದಿಂದ ಪಾವತಿಯಾಗುವ ದರಕ್ಕೆ ಆ ವಾದ ನಿಲ್ಲುವುದಿಲ್ಲ. 30 ದಿನಗಳಲ್ಲಿ ಉತ್ತರ ಬಾರದಿದ್ದರೆ ಅಲ್ಲೇ ಮೇಲಿನ ಅಧಿಕಾರಿಗೆ ಮೊದಲ ಮೇಲ್ಮನವಿ, ಆಮೇಲೆ 90 ದಿನಗಳೊಳಗೆ ಮಾಹಿತಿ ಆಯೋಗಕ್ಕೆ ಎರಡನೆಯದು. ಆಯೋಗದ ಪೀಠ ಕಲಬುರಗಿಯಲ್ಲೇ ಇರುವುದರಿಂದ ಬೆಂಗಳೂರಿಗೆ ಅಲೆಯುವ ಪ್ರಮೇಯ ಇಲ್ಲ. ಟೆಂಡರ್ ಪ್ರಕಟಣೆ ಮತ್ತು ದಾಖಲೆಗಳು ರಾಜ್ಯದ ಇ-ಸಂಗ್ರಹಣಾ ಜಾಲತಾಣದಲ್ಲೂ ಇರುತ್ತವೆ. ಟೆಂಡರ್ ಸಂಖ್ಯೆ ಗೊತ್ತಿದ್ದರೆ ನೆಟ್ ಸೆಂಟರ್ ಹುಡುಗರು ತೆಗೆದುಕೊಡುತ್ತಾರೆ.

ಕರಾರು ಪತ್ರ ಕೈಗೆ ಬಂದಾಗ ಇಡೀ ನೂರು ಪುಟ ಓದಬೇಡಿ. ದೋಷ ಹೊಣೆಗಾರಿಕೆಯ ಅವಧಿ (ಕೆಲಸ ಮುಗಿದ ಮೇಲೆ ಕಂಡ ದೋಷವನ್ನು ಗುತ್ತಿಗೆದಾರರೇ ಸರಿಪಡಿಸಬೇಕಾದ ಕಾಲ) ಎಷ್ಟು, ವಿಳಂಬಕ್ಕೆ ದಂಡ ಎಷ್ಟು, ಪೇಟೆ ದರ ಏರಿಳಿದಾಗ ದರ ಹೊಂದಾಣಿಕೆಯ ಷರತ್ತು ಇದೆಯೇ, ಮೂರನೆಯ ಪಕ್ಷದ ಗುಣಮಟ್ಟ ತಪಾಸಣೆ ಯಾರದು, ಇಷ್ಟನ್ನು ಹುಡುಕಿ ಗುರುತು ಹಾಕಿಕೊಳ್ಳಿ. ಮಾಲೀಕ ಎಂದು ಯಾರ ಹೆಸರಿದೆ ಎನ್ನುವುದನ್ನೂ ನೋಡಿ. ಊರವರು ನಗರಸಭೆ ಎಂದು ತಿಳಿದುಕೊಂಡಿರುತ್ತಾರೆ, ಕರಾರು ಆಗಿರುವುದು ಬೇರೆ ನಿಗಮದ ಜೊತೆಗೆ. ಆಗ ನಿಮ್ಮ ಮನವಿಗಳೆಲ್ಲ ತಪ್ಪು ಬಾಗಿಲಿಗೆ ಹೋಗಿರುತ್ತವೆ.

ಕೆಲಸ ಶುರುವಾದ ಮೇಲೆ ಫಲಾನುಭವಿಗಳು ನಾಲ್ಕೈದು ಮಂದಿ ಸೇರಿ ವಾರಕ್ಕೊಮ್ಮೆ ನಿವೇಶನಕ್ಕೆ ಹೋಗಿ. ಎಂಜಿನಿಯರ್ ಆಗಿರಬೇಕಾಗಿಲ್ಲ, ಎರಡು ವಿಷಯ ನೋಡಿದರೆ ಸಾಕು. ಮೊದಲನೆಯದು ಕ್ಯೂಬ್. ಕಾಂಕ್ರೀಟ್ ಹಾಕುವ ದಿನ ಅದೇ ಮಿಶ್ರಣದಿಂದ 150 ಮಿಲಿಮೀಟರ್ ಅಚ್ಚುಗಳಲ್ಲಿ ಮಾದರಿ ತೆಗೆಯಬೇಕು. ಮಾದರಿಯೊಂದಕ್ಕೆ ಮೂರು ಕ್ಯೂಬ್. ಒಂದೇ ದಿನ 16ರಿಂದ 30 ಘನ ಮೀಟರ್ ಹಾಕಿದರೆ ಮೂರು ಮಾದರಿ, ಅಂದರೆ ಒಂಬತ್ತು ಕ್ಯೂಬ್. ಪ್ರತಿಯೊಂದರ ಮೇಲೂ ದಿನಾಂಕ ಮತ್ತು ಯಾವ ಛಾವಣಿ, ಯಾವ ಕಂಬ ಎಂದು ಗೀಚಿರಬೇಕು. 28ನೇ ದಿನ ಪ್ರಯೋಗಾಲಯದಲ್ಲಿ ಒಡೆದು ಬಲ ನೋಡುತ್ತಾರೆ. ನಿವೇಶನದಲ್ಲಿ ಕ್ಯೂಬ್ ಅಚ್ಚುಗಳೇ ಇಲ್ಲ, ಆದರೆ ಕಡತದಲ್ಲಿ ಪರೀಕ್ಷಾ ವರದಿಗಳು ಸಾಲಾಗಿ ಇವೆ ಎಂದರೆ ಆ ಕ್ಯೂಬ್‌ಗಳು ಎಲ್ಲಿ ಹುಟ್ಟಿದವು ಎಂದು ಕೇಳುವ ಹಕ್ಕು ನಿಮಗಿದೆ. ಅಚ್ಚಿನ ಫೋಟೋ ದಿನಾಂಕದೊಂದಿಗೆ ಮೊಬೈಲ್‌ನಲ್ಲಿ ತೆಗೆದಿಟ್ಟುಕೊಳ್ಳಿ.

ಎರಡನೆಯದು ನೀರು. ಏಪ್ರಿಲ್, ಮೇ ತಿಂಗಳಲ್ಲಿ ನಮ್ಮ ಕಡೆ ತಾಪಮಾನ 42 ಡಿಗ್ರಿ ದಾಟುತ್ತದೆ. ಬೆಳಿಗ್ಗೆ ಹಾಕಿದ ಛಾವಣಿ ಮಧ್ಯಾಹ್ನಕ್ಕೆ ಕೂದಲೆಳೆಯಷ್ಟು ಬಿರುಕು ಬಿಡುತ್ತದೆ. ಕಾಂಕ್ರೀಟಿನ ಭಾರತೀಯ ಮಾನಕ ಐಎಸ್ 456 ಒಣ, ಬಿಸಿ ಹವೆಯಲ್ಲಿ ಕನಿಷ್ಠ ಹತ್ತು ದಿನ ಹಸಿಯಾಗಿಡಬೇಕು ಎನ್ನುತ್ತದೆ, ಹದಿನಾಲ್ಕು ದಿನವಾದರೆ ಇನ್ನೂ ಒಳ್ಳೆಯದು. ಛಾವಣಿಯ ಮೇಲೆ ಗಾರೆಯ ಸಣ್ಣ ಬದು ಕಟ್ಟಿ ನೀರು ನಿಲ್ಲಿಸಿರಬೇಕು. ಕಂಬಗಳಿಗೆ ಗೋಣಿತಾಟು ಸುತ್ತಿರಬೇಕು, ಮುಟ್ಟಿದರೆ ಅಂಗೈ ಒದ್ದೆಯಾಗಬೇಕು. ಟ್ಯಾಂಕರ್ ನೀರು ದುಬಾರಿಯಾದ್ದರಿಂದ ಶೇ 17 ಕಡಿಮೆ ಹಾಕಿದವರು ಮೊದಲು ಉಳಿತಾಯ ಮಾಡುವುದು ಇಲ್ಲೇ. ಒಣಗಿದ ಗೋಣಿತಾಟು ಕಂಡ ದಿನವೇ ಕಿರಿಯ ಎಂಜಿನಿಯರ್‌ಗೆ ಬರವಣಿಗೆಯಲ್ಲಿ ಕೊಟ್ಟು, ಸ್ವೀಕೃತಿಯ ಮೊಹರು ಹಾಕಿಸಿಕೊಳ್ಳಿ. ಬಾಯಿಮಾತಿನ ದೂರಿಗೆ ಕಡತದಲ್ಲಿ ಜಾಗ ಇರುವುದಿಲ್ಲ. ಬಿಲ್ ಪಾಸು ಮಾಡುವಾಗ ಅಂಥ ಒಂದು ಮೊಹರು ಹಾಕಿದ ಪತ್ರ ಕಡತದಲ್ಲಿದ್ದರೆ, ಅಳತೆ ಪುಸ್ತಕಕ್ಕೆ (ಬಿಲ್ಲಿಗಾಗಿ, ಆದ ಕೆಲಸದ ಅಳತೆ ಬರೆಯುವ ಪುಸ್ತಕ) ಸಹಿ ಹಾಕುವವರ ಕೈ ಒಂದು ಕ್ಷಣ ತಡೆಯುತ್ತದೆ.

ಕೊನೆಯದಾಗಿ ಕಟ್ಟಿದ ಹಣದ ವಿಷಯ. ಈಗಲೇ ವಾಪಸ್ ಕೇಳಬೇಡಿ. ಕೇಳಿದರೆ ಪಟ್ಟಿಯಿಂದ ತಾಯಿಯವರ ಹೆಸರು ತೆಗೆಯಲು ನೀವೇ ಒಪ್ಪಿಗೆ ಕೊಟ್ಟಂತಾಗುತ್ತದೆ, ಆ ಜಾಗಕ್ಕೆ ಕಾಯುತ್ತಿರುವವರು ಬೇಕಾದಷ್ಟು ಮಂದಿ ಇರುತ್ತಾರೆ. ಎರಡನೆಯ ಕಂತು ಕಟ್ಟುವ ಮುಂಚೆ ಮಾತ್ರ ನಿವೇಶನಕ್ಕೆ ಹೋಗಿ, ಕೆಲಸ ಯಾವ ಹಂತದಲ್ಲಿದೆ ನೋಡಿ. ಹಂಚಿಕೆ ಪತ್ರದಲ್ಲಿ ಕಂತುಗಳನ್ನು ತಳಪಾಯ, ಛಾವಣಿ ಮುಂತಾದ ಹಂತಗಳಿಗೆ ಜೋಡಿಸಿದ್ದರೆ, ಹಂತ ಮುಗಿಯದೆ ಕಟ್ಟುವಂತೆ ಒತ್ತಾಯಿಸಲು ಬರುವುದಿಲ್ಲ. ಹಣವನ್ನು ಬ್ಯಾಂಕ್ ಚಲನ್ ಅಥವಾ ಡಿ.ಡಿ. ಮೂಲಕವೇ ಕಟ್ಟಿ. ಮಧ್ಯವರ್ತಿಯ ಕೈಗೆ, ಸದಸ್ಯರ ಕೈಗೆ, ವಾರ್ಡಿನ ಪುಢಾರಿಯ ಕೈಗೆ ನಗದು ಕೊಡಬೇಡಿ. ಪ್ರಧಾನಮಂತ್ರಿ ಆವಾಸ್ ಯೋಜನೆಯಲ್ಲಿ ಮನೆ ಕುಟುಂಬದ ಮಹಿಳೆಯ ಹೆಸರಿನಲ್ಲಿ ಅಥವಾ ದಂಪತಿಯ ಜಂಟಿ ಹೆಸರಿನಲ್ಲಿ ಆಗುವುದರಿಂದ ಚಲನ್‌ನಲ್ಲೂ ತಾಯಿಯವರ ಹೆಸರು, ಆಧಾರ್‌ನಲ್ಲಿರುವ ಅದೇ ಅಕ್ಷರಗಳಲ್ಲಿ, ಇರುವಂತೆ ನೋಡಿಕೊಳ್ಳಿ. ನಿಮ್ಮ ಹೆಸರಿನಲ್ಲಿ ಮೊದಲ ಕಂತು ಕಟ್ಟಿಬಿಟ್ಟಿದ್ದರೆ ಪೌರಾಯುಕ್ತರಿಗೆ ಅರ್ಜಿ ಕೊಟ್ಟು ಈ ವಾರವೇ ತಿದ್ದಿಸಿಕೊಳ್ಳಿ, ನೋಂದಣಿಯ ಹೊತ್ತಿಗೆ ತಿದ್ದಿಸಲು ಹೋದರೆ ವರ್ಷಗಟ್ಟಲೆ ಅಲೆಸುತ್ತಾರೆ.